ದ್ವೀಪದಲ್ಲಿ ಕುಳಿತು ಕೆಲಸ: ಉಪಗ್ರಹ ಇಂಟರ್ನೆಟ್ ಮತ್ತು ನಮ್ಮ ಭೂತನಾಳ

— ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಭೂತನಾಳ



ಮೊಬೈಲಿನಲ್ಲಿ ಒಂದು ಚಿತ್ರವನ್ನು ನೀವೂ ನೋಡಿರಬಹುದು. ನೀಲಿ ಸಮುದ್ರ, ತೆಂಗಿನ ಮರ, ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತ ಒಬ್ಬ ವ್ಯಕ್ತಿ, ಪಕ್ಕದಲ್ಲಿ ಆಕಾಶ ನೋಡುತ್ತಿರುವ ಒಂದು ಬಿಳಿ ಡಿಶ್. ಅವರ ಆಫೀಸು ಸಾವಿರಾರು ಕಿಲೋಮೀಟರ್ ದೂರದಲ್ಲಿದೆ, ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬರುತ್ತದೆ. ನಮ್ಮ ತರಗತಿಯಲ್ಲಿ ವ್ಯವಹಾರ ಅಧ್ಯಯನದ ಪಾಠ ನಡೆದಾಗ, ಇ-ವ್ಯವಹಾರ ಮತ್ತು ಹೊರಗುತ್ತಿಗೆ ಎಂಬ ವಿಷಯ ಬಂತು. ಆಗ ಒಬ್ಬ ಗೆಳತಿ ಎದ್ದು, "ಹಂಗಾದ್ರ ಭೂತನಾಳದಾಗ ಕುಂತು ಬೆಂಗಳೂರಿನ ಕೆಲಸ ಮಾಡಬಹುದೇನ್ರಿ ಮೇಡಂ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿ ಒಬ್ಬರು ಅದನ್ನು ಮಾಡಿ ನೋಡಿ ಸೋತಿದ್ದರು.

ಅವರು ನನ್ನ ಆಪಾ, ಅಂದರೆ ದೊಡ್ಡ ಅಕ್ಕ. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತ ಮೇಲೆ, ಪರಿಚಯದವರ ಮೂಲಕ ದೂರದ ಊರಿನ ಒಂದು ಲೆಕ್ಕಪತ್ರದ ಕಚೇರಿಯ ಕೆಲಸ ಸಿಕ್ಕಿತು. ಮನೆಯಿಂದಲೇ ಆ ಕಚೇರಿಯ ಕಂಪ್ಯೂಟರಿನ ಪರದೆಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಖರೀದಿ-ಮಾರಾಟದ ಬಿಲ್ಲುಗಳನ್ನು ನಮೂದಿಸಿ, ಜಿಎಸ್‌ಟಿ ರಿಟರ್ನ್‌ಗೆ ತಯಾರು ಮಾಡುವುದು. ಮೂರು ತಿಂಗಳು ಚೆನ್ನಾಗಿ ನಡೆಯಿತು. ನಾಲ್ಕನೆಯ ತಿಂಗಳ 20ನೇ ತಾರೀಖು. ವಾಣಿಜ್ಯದವರಿಗೆ ಆ ತಾರೀಖು ಗೊತ್ತು: ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಅದೇ ಕೊನೆಯ ದಿನ. ಅಂದು ಮಧ್ಯಾಹ್ನದಿಂದ ನೆಟ್ ಬಂದು ಬಂದು ಹೋಯಿತು. ಆಪಾ ಮಾಳಿಗೆಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ಮೊಬೈಲ್ ಹಿಡಿದು ನಿಂತರು, ನಾನು ಕೆಳಗೆ ಲ್ಯಾಪ್‌ಟಾಪ್ ಮುಂದೆ ಕುಳಿತು "ಆಯಾ, ಗಯಾ" ಎಂದು ಕೂಗುತ್ತಿದ್ದೆ. ಪರದೆ ಅಲ್ಲಾಡಲಿಲ್ಲ. ಮುಂದಿನ ತಿಂಗಳು ಆ ಕಚೇರಿಯವರು, "ಇನ್ನು ಬೇಡ" ಎಂದು ಒಂದೇ ಸಾಲಿನ ಮೆಸೇಜ್ ಹಾಕಿದರು. ಅಬ್ಬಾ ಹೇಳಿದ್ದು ಇಷ್ಟೇ: "ಹುನರ್ ಥಾ ಬೇಟಾ, ತಾರ್ ನಹೀಂ ಥಾ." ಕೌಶಲ ಇತ್ತು, ತಂತಿ ಇರಲಿಲ್ಲ.

ಬರುವ ವರ್ಷ ನಾನೂ ಪಿಯುಸಿ ಮುಗಿಸುತ್ತೇನೆ. ದೂರ ಹೋಗಿ ಕೆಲಸ ಮಾಡುವುದೋ, ಇಲ್ಲೇ ಇದ್ದು ಮಾಡುವುದೋ ಎಂಬ ಪ್ರಶ್ನೆ ನನ್ನ ಮುಂದೆಯೂ ಬರಲಿದೆ. ಆದ್ದರಿಂದ ಆ ಚಿತ್ರದ ಡಿಶ್ ನಿಜವಾಗಿ ಏನು ಮಾಡುತ್ತದೆ, ಏನು ಮಾಡಲಾರದು ಎಂದು ತಿಳಿಯಲು ಹೊರಟೆ. ತಿಳಿದದ್ದನ್ನು ಪಾಠದಂತೆ ಇಲ್ಲಿ ಬರೆದಿದ್ದೇನೆ.

1. ಬಿಜಾಪುರದ ಹಳ್ಳಿ, ಕೊಲಂಬೊದ ಮನೆ, ಒಂದೇ ಉಪಗ್ರಹ

ಉಪಗ್ರಹದ ಮೂಲಕ ಭೂಮಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಕಳಿಸಬಹುದು ಎಂಬ ಲೇಖನವನ್ನು ಆರ್ಥರ್ ಸಿ. ಕ್ಲಾರ್ಕ್ ಎಂಬ ಬ್ರಿಟಿಷ್ ಲೇಖಕರು 1945ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಭೂಮಿ ತಿರುಗುವಷ್ಟೇ ಸಮಯದಲ್ಲಿ ಒಂದು ಸುತ್ತು ಹಾಕುತ್ತದೆ. ಹಾಗಾಗಿ ಕೆಳಗಿನಿಂದ ನೋಡಿದವರಿಗೆ ಅದು ಒಂದೇ ಜಾಗದಲ್ಲಿ ನಿಂತಂತೆ ಇರುತ್ತದೆ. ಇದನ್ನು ಭೂಸ್ಥಿರ ಕಕ್ಷೆ ಎನ್ನುತ್ತಾರೆ. ನಮ್ಮ ಗಲ್ಲಿಯ ಮಾಳಿಗೆಗಳ ಮೇಲಿನ ಟಿವಿ ಡಿಶ್‌ಗಳನ್ನು ಗಮನಿಸಿ. ಅವು ದಕ್ಷಿಣದ ಕಡೆಗೆ, ಪೂರ್ವಕ್ಕೆ ವಾಲಿ ನಿಂತಿರುತ್ತವೆ. ಉಪಗ್ರಹ ನಿಂತಿರುವುದು ಭೂಮಧ್ಯರೇಖೆಯ ಮೇಲೆ, ನಾವು ಇರುವುದು ಅದರ ಉತ್ತರಕ್ಕೆ, ಅದಕ್ಕೆ.

ಕ್ಲಾರ್ಕ್ ಅವರು 1956ರಲ್ಲಿ ಶ್ರೀಲಂಕಾಕ್ಕೆ ಹೋಗಿ ನೆಲೆಸಿದರು. ಅದು ಉಷ್ಣವಲಯದ ದ್ವೀಪ. ಅವರ ಓದುಗರು, ಪ್ರಕಾಶಕರು ಬಹುಪಾಲು ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿದ್ದರು. ಅಂದರೆ ಇಂದು ನಾವು "ವರ್ಕ್ ಫ್ರಮ್ ಹೋಮ್" ಎನ್ನುವುದನ್ನು ಅವರು ಅಂಚೆಯ ಕಾಲದಲ್ಲೇ ಮಾಡುತ್ತಿದ್ದರು.

ಇಲ್ಲಿ ನಮ್ಮ ಜಿಲ್ಲೆ ಬರುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆ ಅಮೆರಿಕದ ನಾಸಾ ಜೊತೆ ಸೇರಿ 'ಸೈಟ್' ಎಂಬ ಪ್ರಯೋಗ ನಡೆಸಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ಟಿವಿ ಪಾಠ ತಲುಪಿಸುವ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳನ್ನು. (ಆಗ ಬಾಗಲಕೋಟೆಯೂ ಬಿಜಾಪುರ ಜಿಲ್ಲೆಯಲ್ಲೇ ಇತ್ತು.) ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್, ಊರಿಗೆಲ್ಲ ಒಂದು ಟಿವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕೃಷಿ ಮತ್ತು ಆರೋಗ್ಯದ ಕಾರ್ಯಕ್ರಮ. ಭಾಷೆ ಕನ್ನಡ.

ಅದೇ ಸಮಯದಲ್ಲಿ ಇಸ್ರೋದವರು ಕೊಲಂಬೊದಲ್ಲಿದ್ದ ಕ್ಲಾರ್ಕ್ ಅವರ ಮನೆಗೂ ಒಂದು ಡಿಶ್ ಕೂರಿಸಿಕೊಟ್ಟರು. ಅಂದರೆ ಎಟಿಎಸ್-6 ಎಂಬ ಒಂದೇ ಉಪಗ್ರಹದ ಸಂಕೇತ ಒಂದು ಕಡೆ ಬಿಜಾಪುರದ ಹಳ್ಳಿಗೂ, ಇನ್ನೊಂದು ಕಡೆ ದ್ವೀಪದಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಆ ಲೇಖಕರಿಗೂ ತಲುಪುತ್ತಿತ್ತು. ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

ದಾದಿಯನ್ನು ಕೇಳಿದೆ, "ನೀವು ಆ ಟಿವಿ ನೋಡಿದ್ದಿರಾ?" ಅವರು ಆಗ ನನ್ನ ವಯಸ್ಸಿನವರು. ದಾದಿ ಎಲೆ-ಅಡಿಕೆ ಅಗಿಯುತ್ತಾ ಹೇಳಿದರು, "ನಮ್ಮೂರಿಗೆ ಬರಲಿಲ್ಲ. ಪಕ್ಕದ ಊರಿಗೆ ಬಂದಿದೆ ಎಂದು ಗಂಡಸರು ಮಾತಾಡುತ್ತಿದ್ದರು. ಹೆಣ್ಣುಮಕ್ಕಳನ್ನು ಸಂಜೆ ಯಾರು ಬಿಡುತ್ತಿದ್ದರು?" ಉಪಗ್ರಹ 35,786 ಕಿ.ಮೀ. ದಾಟಿ ಬಂದಿತ್ತು. ಕೊನೆಯ ಎರಡು ಮೈಲಿ ದಾದಿಗೆ ದಾಟಲು ಆಗಲಿಲ್ಲ. ಈ ಮಾತನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತದೆ.

2. ಪೈಪಿನ ದಪ್ಪ ಮತ್ತು ನೀರು ಬರುವ ಹೊತ್ತು

ಟಿವಿ ಡಿಶ್ ಕೇವಲ ಪಡೆಯುತ್ತದೆ. ಇಂಟರ್ನೆಟ್ ಡಿಶ್ ಪಡೆಯಬೇಕು, ಕಳಿಸಲೂ ಬೇಕು. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಎರಡು ಅಳತೆಗಳು ಮುಖ್ಯ. ನಾವು ಸಾಮಾನ್ಯವಾಗಿ ಎರಡನ್ನೂ ಸೇರಿಸಿ "ಸ್ಪೀಡ್" ಎನ್ನುತ್ತೇವೆ. ಅದು ತಪ್ಪು.

ವಿಜಯಪುರದವರಿಗೆ ಇದನ್ನು ನಲ್ಲಿ ನೀರಿನಿಂದ ತಿಳಿಸುವುದು ಸುಲಭ. ಪೈಪ್ ಎಷ್ಟು ದಪ್ಪ ಇದೆ, ಒಂದು ನಿಮಿಷಕ್ಕೆ ಎಷ್ಟು ಕೊಡ ತುಂಬುತ್ತದೆ ಎಂಬುದು ಒಂದು. ಇದನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಕೆರೆಯ ಕಡೆ ವಾಲ್ವ್ ತಿರುಗಿಸಿದ ಮೇಲೆ ನಮ್ಮ ನಲ್ಲಿಗೆ ಮೊದಲ ಹನಿ ಬರಲು ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು. ಇದನ್ನು ಲೇಟೆನ್ಸಿ, ಅಂದರೆ ವಿಳಂಬ ಎನ್ನುತ್ತಾರೆ. ಪೈಪ್ ದಪ್ಪ ಇದ್ದರೂ ಕೆರೆ ದೂರ ಇದ್ದರೆ ಮೊದಲ ಹನಿ ತಡವಾಗಿಯೇ ಬರುತ್ತದೆ. ಮೂರನೆಯ ಮಾತೊಂದಿದೆ: ನೀರು ಬಿಡುವ ದಿನ ಗಲ್ಲಿಯವರೆಲ್ಲ ಒಟ್ಟಿಗೆ ಮೋಟಾರ್ ಹಾಕಿದರೆ ಕೊನೆಯ ಮನೆಗೆ ಗಾಳಿ ಮಾತ್ರ ಬರುತ್ತದೆ. ಸಂಜೆ ಏಳಕ್ಕೆ ನೆಟ್ ನಿಧಾನವಾಗುವುದು ಇದೇ ಕಾರಣಕ್ಕೆ. ಒಂದೇ ಟವರಿನ ಪಾಲನ್ನು ಎಲ್ಲರೂ ಒಂದೇ ಹೊತ್ತಿಗೆ ಎಳೆಯುತ್ತಾರೆ.

ಈಗ ಲೆಕ್ಕ ಮಾಡೋಣ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3,00,000 ಕಿ.ಮೀ. ಚಲಿಸುತ್ತದೆ. ಭೂಸ್ಥಿರ ಉಪಗ್ರಹಕ್ಕೆ ಹೋಗಿ ಕೆಳಗಿನ ಕೇಂದ್ರಕ್ಕೆ ಇಳಿಯಲು 35,786 × 2 = 71,572 ಕಿ.ಮೀ. ಇದನ್ನು 3,00,000ರಿಂದ ಭಾಗಿಸಿದರೆ ಸುಮಾರು 0.24 ಸೆಕೆಂಡ್. ಉತ್ತರ ಅದೇ ದಾರಿಯಲ್ಲಿ ಮರಳಿ ಬರಬೇಕು, ಅಲ್ಲಿಗೆ 0.48 ಸೆಕೆಂಡ್. ಯಂತ್ರಗಳ ಕೆಲಸದ ಸಮಯವನ್ನೂ ಸೇರಿಸಿದರೆ ಅರ್ಧ ಸೆಕೆಂಡಿಗಿಂತ ಹೆಚ್ಚು. ಎಷ್ಟೇ ಹಣ ಕೊಟ್ಟರೂ ಇದು ಕಡಿಮೆಯಾಗುವುದಿಲ್ಲ. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು.

ಹಾಗಾದರೆ ಉಪಾಯವೇನು? ಉಪಗ್ರಹವನ್ನೇ ಕೆಳಗೆ ತರುವುದು. ಸ್ಟಾರ್‌ಲಿಂಕ್ ಕಂಪನಿಯ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಗೆ ಹೋಗಿ ಬರುವ ನಾಲ್ಕು ಹಾದಿ ಸೇರಿ 2,200 ಕಿ.ಮೀ., ಅಂದರೆ 0.01 ಸೆಕೆಂಡಿಗೂ ಕಡಿಮೆ. ನೆಲದ ಮೇಲಿನ ಪ್ರಯಾಣ ಸೇರಿಸಿದರೂ ಮಾತುಕತೆಗೆ ತೊಂದರೆಯಾಗದಷ್ಟು ಚಿಕ್ಕ ವಿಳಂಬ. ಆದರೆ ಕೆಳಗಿನ ಉಪಗ್ರಹ ಒಂದೇ ಕಡೆ ನಿಲ್ಲುವುದಿಲ್ಲ, ಕೆಲವೇ ನಿಮಿಷಗಳಲ್ಲಿ ನಮ್ಮ ಆಕಾಶ ದಾಟಿ ಹೋಗುತ್ತದೆ. ಒಂದು ಹೋದಾಗ ಇನ್ನೊಂದು ಸಿದ್ಧವಿರಬೇಕು. ಆದ್ದರಿಂದ ಒಂದೆರಡು ಸಾಲದು, ಸಾವಿರಾರು ಬೇಕು. ವಾಣಿಜ್ಯದ ಮಾತಿನಲ್ಲಿ ಹೇಳುವುದಾದರೆ, ವಿಳಂಬ ಕಡಿಮೆ ಮಾಡಲು ಬಂಡವಾಳ ಹೆಚ್ಚು ಹಾಕಬೇಕು. ಭಾರತದಲ್ಲಿ ಈ ಸೇವೆಗೆ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನ್‌ನಲ್ಲಿ ಸಿಕ್ಕಿತು. ಅದಕ್ಕೂ ಮೊದಲೇ ಒನ್‌ವೆಬ್ ಮತ್ತು ಜಿಯೋದ ಉಪಗ್ರಹ ಸಂಸ್ಥೆಗಳಿಗೆ ಪರವಾನಗಿ ಸಿಕ್ಕಿತ್ತು.

ಇನ್ನೂ ಎರಡು ಮಿತಿಗಳಿವೆ. ಜೋರು ಮಳೆ ಬಂದರೆ ಈ ಅಲೆಗಳು ದುರ್ಬಲವಾಗುತ್ತವೆ. ಮಳೆ ಬಂದಾಗ ಡಿಶ್ ಟಿವಿ ನಿಂತುಹೋಗುವುದನ್ನು ನೋಡಿದ್ದೇವಲ್ಲ, ಹಾಗೆ. ಮತ್ತು ಡಿಶ್‌ಗೆ ಕರೆಂಟ್ ಬೇಕು. ಸ್ಟಾರ್‌ಲಿಂಕ್‌ನಂಥ ಉಪಕರಣ ಸಾಮಾನ್ಯವಾಗಿ 50ರಿಂದ 100 ವ್ಯಾಟ್ ಎಳೆಯುತ್ತದೆ. 75 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54 ಯೂನಿಟ್.

3. ಲಕ್ಷದ್ವೀಪದ ಲೆಕ್ಕ

ತೆಂಗಿನ ಮರದ ದ್ವೀಪ ಎಂದರೆ ಮಾಲ್ಡೀವ್ಸ್, ಬಾಲಿ ಎನ್ನುತ್ತೇವೆ. ನಮ್ಮದೇ ದೇಶದಲ್ಲಿ ಲಕ್ಷದ್ವೀಪವಿದೆ. ಕರ್ನಾಟಕಕ್ಕೂ ಅದಕ್ಕೂ ಹಳೆಯ ನಂಟು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಎಂಬ ಉತ್ತರದ ದ್ವೀಪಗಳು ಒಂದು ಕಾಲದಲ್ಲಿ ಟಿಪ್ಪು ಸುಲ್ತಾನರ ಆಡಳಿತದಲ್ಲಿದ್ದವು. 1799ರ ನಂತರ ಅವು ಬ್ರಿಟಿಷರ ಕೈಸೇರಿ, ಮಂಗಳೂರಿನಲ್ಲಿ ಕುಳಿತ ದಕ್ಷಿಣ ಕನ್ನಡದ ಕಲೆಕ್ಟರ ಕೆಳಗೆ ಬಂದವು. 1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಅಲ್ಲಿನ ಜನ ಹೆಚ್ಚಿನವರು ಮುಸ್ಲಿಮರು. ಮನೆಮಾತು ಮಲಯಾಳದ ಒಂದು ರೂಪ, ಮಿನಿಕಾಯ್‌ನಲ್ಲಿ ಮಾತ್ರ ಮಹಲ್. ನಾರು ಮತ್ತು ಕೊಬ್ಬರಿ ಹೊತ್ತ ದೋಣಿಗಳು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ತೆಗೆದುಕೊಂಡು ಹೋಗುತ್ತಿದ್ದವು. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ಹಾಯಿದೋಣಿಗಳು ನಿಲ್ಲುತ್ತಿದ್ದವು, ಪತ್ರವೂ ನಿಲ್ಲುತ್ತಿತ್ತು. ಆಗಿನ ಲೇಟೆನ್ಸಿ ಸೆಕೆಂಡುಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಇತ್ತು.

ಫೋನ್ ಮತ್ತು ಇಂಟರ್ನೆಟ್ ಬಂದ ಮೇಲೆ ಈ ದ್ವೀಪಗಳಿಗೆ ಬಹಳ ವರ್ಷ ಉಪಗ್ರಹವೇ ಆಧಾರ. 2024ರ ಜನವರಿ 3ರಂದು ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಹಾಕಿದ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಯಿತು. ಸರ್ಕಾರ ಕೊಟ್ಟ ಅಂಕಿಅಂಶದ ಪ್ರಕಾರ ಸಾಮರ್ಥ್ಯ 1.7 ಜಿಬಿಪಿಎಸ್‌ನಿಂದ 200 ಜಿಬಿಪಿಎಸ್‌ಗೆ ಏರಿತು. ಈ ಸಂಖ್ಯೆಗಳನ್ನು ತಲೆಗೆ ಹಂಚಿ ನೋಡೋಣ. 2011ರ ಜನಗಣತಿಯಂತೆ ಲಕ್ಷದ್ವೀಪದ ಜನಸಂಖ್ಯೆ 64,473.

ಮೊದಲು: 1,700 ಎಂಬಿಪಿಎಸ್ ÷ 64,473 = ಒಬ್ಬರಿಗೆ ಸುಮಾರು 0.026 ಎಂಬಿಪಿಎಸ್.
ಈಗ: 2,00,000 ಎಂಬಿಪಿಎಸ್ ÷ 64,473 = ಒಬ್ಬರಿಗೆ ಸುಮಾರು 3.1 ಎಂಬಿಪಿಎಸ್.

ಎಲ್ಲರೂ ಒಂದೇ ಸಮಯದಲ್ಲಿ ಬಳಸುವುದಿಲ್ಲ, ಆದ್ದರಿಂದ ನಿಜವಾಗಿ ಸಿಗುವುದು ಇದಕ್ಕಿಂತ ಹೆಚ್ಚು. ಆದರೆ ಹೋಲಿಕೆ ಸರಿ. ಮೊದಲಿನ ಪಾಲಿನಲ್ಲಿ ಒಂದು ಫೋಟೊ ಕಳಿಸಲೂ ಕಷ್ಟ, ಈಗಿನ ಪಾಲಿನಲ್ಲಿ ವಿಡಿಯೋ ಮೀಟಿಂಗ್ ನಡೆಯುತ್ತದೆ. ದ್ವೀಪದಲ್ಲಿ ಕುಳಿತು ಕೆಲಸ ಮಾಡುವ ಮಾತು ಲಕ್ಷದ್ವೀಪದಲ್ಲಿ ಗಟ್ಟಿಯಾದದ್ದು ಆಕಾಶದ ಡಿಶ್‌ನಿಂದ ಅಲ್ಲ, ಸಮುದ್ರದ ತಳದ ತಂತಿಯಿಂದ.

ಇದರ ವೆಚ್ಚ ಸುಮಾರು 1,072 ಕೋಟಿ ರೂಪಾಯಿ. ತಲೆಗೆ ಹಂಚಿದರೆ ಒಬ್ಬರಿಗೆ ಸುಮಾರು 1.66 ಲಕ್ಷ ರೂಪಾಯಿ. ಲಾಭ ನೋಡುವ ಯಾವ ಕಂಪನಿ ಇದನ್ನು ಹಾಕೀತು? ಯಾವುದೂ ಹಾಕುವುದಿಲ್ಲ. ಈ ಹಣ ಬಂದದ್ದು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಿಂದ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 5ರಷ್ಟನ್ನು ಈ ನಿಧಿಗೆ ಕೊಡಬೇಕು. 2023ರ ದೂರಸಂಪರ್ಕ ಕಾಯ್ದೆಯ ನಂತರ ಇದರ ಹೆಸರು 'ಡಿಜಿಟಲ್ ಭಾರತ ನಿಧಿ'. ಅಂದರೆ ನಾವು ನೀವು ರೀಚಾರ್ಜ್ ಮಾಡಿಸುವ ಹಣದಲ್ಲೂ ಒಂದು ಚೂರು ಆ ಕೇಬಲ್‌ನಲ್ಲಿದೆ. ಲಾಭ ಇಲ್ಲದ ಕಡೆಗೂ ಸೇವೆ ತಲುಪಬೇಕಾದರೆ ಮಾರುಕಟ್ಟೆ ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಹಾಗೆಂದು ಉಪಗ್ರಹ ಬೇಡವೆಂದಲ್ಲ. 2022ರ ಜನವರಿ 15ರಂದು ಪೆಸಿಫಿಕ್ ಸಮುದ್ರದ ಟೊಂಗಾ ದೇಶದಲ್ಲಿ ಜ್ವಾಲಾಮುಖಿ ಸಿಡಿದು ಅವರ ಸಮುದ್ರದ ಕೇಬಲ್ ತುಂಡಾಯಿತು. ಮುಖ್ಯ ದ್ವೀಪಕ್ಕೆ ಅದು ಮತ್ತೆ ಜೋಡಣೆಯಾಗಲು ಐದು ವಾರ ಹಿಡಿಯಿತು. ಅಲ್ಲಿಯವರೆಗೆ ಉಪಗ್ರಹವೇ ಗತಿ. ಒಂದೇ ದಾರಿ ಇರುವ ಊರು ಯಾವತ್ತೂ ಅಪಾಯದಲ್ಲಿರುತ್ತದೆ. ದೊಡ್ಡ ದಾರಿ ತಂತಿ, ಕಷ್ಟಕಾಲದ ದಾರಿ ಉಪಗ್ರಹ, ಎರಡೂ ಬೇಕು.

4. ಯಾವ ಕೆಲಸಕ್ಕೆ ಯಾವ ಸಂಪರ್ಕ

ಇದು ಈ ಪಾಠದ ಮುಖ್ಯ ಭಾಗ. ದೂರದಿಂದ ಮಾಡುವ ಕೆಲಸಗಳನ್ನು ನಾನು ಮೂರು ಗುಂಪು ಮಾಡಿದ್ದೇನೆ.

ಮೊದಲನೆಯದು, ಕಾಯಬಲ್ಲ ಕೆಲಸ. ಲೆಕ್ಕ ಬರೆಯುವುದು, ಅನುವಾದ, ಟೈಪಿಂಗ್, ವಿನ್ಯಾಸ. ಫೈಲನ್ನು ಇಳಿಸಿಕೊಂಡು, ನೆಟ್ ಇಲ್ಲದೆಯೇ ಕೆಲಸ ಮುಗಿಸಿ, ನೆಟ್ ಬಂದಾಗ ಕಳಿಸಬಹುದು. ಸಾಧಾರಣ ಸಂಪರ್ಕವೂ ಸಾಕು.

ಎರಡನೆಯದು, ಭಾರದ ಕೆಲಸ. ವಿಡಿಯೋ ಎಡಿಟಿಂಗ್, ದೊಡ್ಡ ನಕ್ಷೆಗಳು. ಇದಕ್ಕೆ ದಪ್ಪ ಪೈಪ್ ಬೇಕು, ಅದರಲ್ಲೂ ಕಳಿಸುವ ಕಡೆಯ ಪೈಪ್ ದಪ್ಪ ಇರಬೇಕು. ನಮ್ಮ ಮೊಬೈಲ್ ನೆಟ್‌ನಲ್ಲಿ ಇಳಿಯುವ ವೇಗಕ್ಕಿಂತ ಏರುವ ವೇಗ ಸಾಮಾನ್ಯವಾಗಿ ಬಹಳ ಕಡಿಮೆ.

ಮೂರನೆಯದು, ತಕ್ಷಣದ ಕೆಲಸ. ಕಾಲ್ ಸೆಂಟರ್, ವಿಡಿಯೋ ಮೀಟಿಂಗ್, ಆನ್‌ಲೈನ್ ಟ್ಯೂಷನ್, ಮತ್ತು ದೂರದ ಕಂಪ್ಯೂಟರಿನ ಪರದೆ ತೆರೆದು ಮಾಡುವ ಕೆಲಸ. ಇಲ್ಲಿ ಒಂದೊಂದು ಕ್ಲಿಕ್ಕೂ ಹೋಗಿ ಬರಬೇಕು. ವಿಳಂಬ ಕಡಿಮೆ ಇರಬೇಕು, ಮಧ್ಯದಲ್ಲಿ ಕಡಿಯಬಾರದು.

ಇದನ್ನು ಬರೆಯುವಾಗಲೇ ನನಗೆ ಆಪಾ ಸೋತದ್ದು ಎಲ್ಲಿ ಎಂದು ಗೊತ್ತಾಯಿತು. ಬಿಲ್ಲು ನಮೂದಿಸುವುದು ಮೊದಲ ಗುಂಪಿನ ಕೆಲಸ, ಕಾಯಬಲ್ಲ ಕೆಲಸ. ಆದರೆ ಅದನ್ನು ದೂರದ ಪರದೆಯ ಮೂಲಕ ಮಾಡಿಸಿದ್ದರಿಂದ ಮೂರನೆಯ ಗುಂಪಿಗೆ ಸೇರಿತು. ಸಂಪರ್ಕ ಕೆಟ್ಟದ್ದಿತ್ತು ನಿಜ. ಅದರ ಜೊತೆಗೆ ಕೆಲಸ ಹಂಚಿದ ರೀತಿಯೂ ನಮ್ಮ ಸಂಪರ್ಕಕ್ಕೆ ಹೊಂದುವಂತೆ ಇರಲಿಲ್ಲ. ಆ ಬಿಲ್ಲುಗಳನ್ನು ವಾರಕ್ಕೊಮ್ಮೆ ಫೈಲಿನಲ್ಲಿ ಕಳಿಸಿದ್ದರೆ, 20ನೇ ತಾರೀಖಿನ ತನಕ ಕಾಯದೆ 15ಕ್ಕೇ ಮುಗಿಸಿದ್ದರೆ, ಮಾಳಿಗೆ ಹತ್ತುವ ಪ್ರಸಂಗವೇ ಬರುತ್ತಿರಲಿಲ್ಲ.

ಕ್ಲಾರ್ಕ್ ಅವರ ಇನ್ನೊಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1983-84ರಲ್ಲಿ ಅವರ ಕಾದಂಬರಿ ಆಧರಿಸಿ '2010' ಎಂಬ ಸಿನಿಮಾ ತಯಾರಾಗುತ್ತಿತ್ತು. ನಿರ್ದೇಶಕ ಪೀಟರ್ ಹೈಮ್ಸ್ ಲಾಸ್ ಏಂಜಲೀಸ್‌ನಲ್ಲಿ, ಕ್ಲಾರ್ಕ್ ಕೊಲಂಬೊದಲ್ಲಿ. ಇಬ್ಬರೂ ಕೇಪ್ರೋ ಎಂಬ ಕಂಪ್ಯೂಟರ್ ಇಟ್ಟುಕೊಂಡು, ಮೋಡೆಮ್ ಹಚ್ಚಿ, ಫೋನ್ ಲೈನಿನಲ್ಲಿ ಪತ್ರ ಕಳಿಸುತ್ತಿದ್ದರು. ಎರಡೂ ಊರುಗಳ ನಡುವೆ ಸುಮಾರು ಅರ್ಧ ದಿನದ ಅಂತರ. ಒಬ್ಬರಿಗೆ ಹಗಲಾದರೆ ಇನ್ನೊಬ್ಬರಿಗೆ ರಾತ್ರಿ. ಆ ಕಾಲದ ಸಂಪರ್ಕ ಇಂದಿನ ನಮ್ಮ ಮೊಬೈಲಿಗೆ ಹೋಲಿಸಿದರೆ ಏನೂ ಅಲ್ಲ. ಆದರೂ ಕೆಲಸ ನಡೆಯಿತು, ಏಕೆಂದರೆ ಅದನ್ನು ಕಾಯಬಲ್ಲ ಕೆಲಸವಾಗಿ ಜೋಡಿಸಿಕೊಂಡಿದ್ದರು.

5. ಖರ್ಚಿನ ಪಟ್ಟಿ

ಈಗ ಒಂದು ಅಂದಾಜು ಪಟ್ಟಿ. ಇಲ್ಲಿನ ಸಂಖ್ಯೆಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ನಿಮ್ಮ ಮನೆಯ ಸಂಖ್ಯೆ ಹಾಕಿ ನೀವೇ ಮಾಡಿ ನೋಡಿ. ಸವಕಳಿಯನ್ನು ತರಗತಿಯಲ್ಲಿ ಕಲಿತ ಸ್ಥಿರ ಕಂತಿನ ಪದ್ಧತಿಯಲ್ಲಿ, ನಾಲ್ಕು ವರ್ಷಕ್ಕೆ, ಉಳಿಕೆ ಬೆಲೆ ಸೊನ್ನೆ ಎಂದು ಹಾಕಿದ್ದೇನೆ.

ಮನೆಯಿಂದ ಕೆಲಸ, ತಿಂಗಳ ಆದಾಯ ರೂ. 12,000. ಖರ್ಚು: ಫೈಬರ್ ಸಂಪರ್ಕ 600, ಎರಡನೆಯ ಸಿಮ್ 300, ಕರೆಂಟ್ 400, ಯುಪಿಎಸ್ ಸವಕಳಿ (9,600ಕ್ಕೆ) 200, ಲ್ಯಾಪ್‌ಟಾಪ್ ಸವಕಳಿ (36,000ಕ್ಕೆ) 750. ಒಟ್ಟು 2,250. ಉಳಿಯುವುದು 9,750.

ಫೈಬರ್ ಇಲ್ಲದ ಹಳ್ಳಿಯಲ್ಲಿ ಉಪಗ್ರಹ ಸಂಪರ್ಕ ತೆಗೆದುಕೊಂಡರೆ: ತಿಂಗಳ ಬಾಡಿಗೆ 3,000 ಮತ್ತು 33,600ರ ಉಪಕರಣದ ಸವಕಳಿ 700 ಎಂದಿಟ್ಟುಕೊಳ್ಳೋಣ. ಫೈಬರಿನ 600ರ ಜಾಗದಲ್ಲಿ 3,700. ಒಟ್ಟು ಖರ್ಚು 5,350. ಉಳಿಯುವುದು 6,650.

ಬೆಂಗಳೂರಿಗೆ ಹೋದರೆ: ಸಂಬಳ 18,000. ಪಿಜಿ ಮತ್ತು ಊಟ 9,500, ಓಡಾಟ 1,500. ಉಳಿಯುವುದು 7,000.

ಹಾಗಾದರೆ ಒಬ್ಬಳೇ ಉಪಗ್ರಹ ಸಂಪರ್ಕ ತೆಗೆದುಕೊಂಡರೆ ಬೆಂಗಳೂರೇ ಸ್ವಲ್ಪ ಮೇಲು. ಆದರೆ ಮೂವರು ಗೆಳತಿಯರು ಒಂದೇ ಕೋಣೆಯಲ್ಲಿ ಕುಳಿತು ಆ 3,700ನ್ನು ಹಂಚಿಕೊಂಡರೆ ತಲೆಗೆ 1,233. ಆಗ ಒಬ್ಬಳ ಖರ್ಚು 2,883, ಉಳಿಯುವುದು 9,117. ಸ್ಥಿರ ವೆಚ್ಚವನ್ನು ಹೆಚ್ಚು ಜನರ ಮೇಲೆ ಹರಡಿದರೆ ತಲಾ ವೆಚ್ಚ ಇಳಿಯುತ್ತದೆ ಎಂದು ಓದಿದ್ದೇವಲ್ಲ, ಅದು ಇದೇ. ದುಬಾರಿ ಸಂಪರ್ಕ ಒಬ್ಬರಿಗೆ ಭಾರ, ಒಂದು ಗುಂಪಿಗೆ ಹಗುರ.

ಪಟ್ಟಿಯಲ್ಲಿ ಬರೆಯಲಾಗದ ಕೆಲವು ಬಾಬತ್ತುಗಳೂ ಇವೆ. ಬೆಂಗಳೂರಿಗೆ ಹೋದವರು ನಾಲ್ಕು ಜನರ ನಡುವೆ ಕಲಿಯುತ್ತಾರೆ, ಬೇಗ ಬಡ್ತಿ ಪಡೆಯುತ್ತಾರೆ. ಮನೆಯಲ್ಲಿ ಕುಳಿತವರನ್ನು ಮೇಲಿನವರು ಮರೆಯಬಹುದು. ಮನೆಯಲ್ಲಿದ್ದರೆ "ಹೆಂಗೂ ಮನ್ಯಾಗ ಇದ್ದೀಯಲ್ಲ" ಎಂದು ರೊಟ್ಟಿ ಬಡಿಯುವ ಕೆಲಸವೂ ಬರುತ್ತದೆ. ಕೆಲಸದ ಹೊತ್ತು ಯಾವುದು ಎಂದು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸುವುದು ಕೂಡ ಈ ವೃತ್ತಿಯ ಒಂದು ಭಾಗ.

6. ಕಾನೂನು ಮತ್ತು ಎಚ್ಚರಿಕೆ

ಭಾರತೀಯ ಕರಾರು ಅಧಿನಿಯಮ 1872ರ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲಾರರು. ನನಗೆ ಹದಿನೇಳು. ಹದಿನೆಂಟು ತುಂಬುವ ತನಕ ಯಾವ ಆನ್‌ಲೈನ್ ಕರಾರಿಗೂ ನಾನು ಸಹಿ ಹಾಕಬಾರದು. ಹಾಕಿದರೂ ಅದು ನಿಲ್ಲುವುದಿಲ್ಲ. ಈಗ ಕಲಿಯುವ ಸಮಯ.

ಸ್ವಂತವಾಗಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವ ತನಕ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಆದರೆ ಬಂದ ಹಣ ಬ್ಯಾಂಕ್ ಮೂಲಕವೇ ಬರಬೇಕು, ಲೆಕ್ಕ ಇರಬೇಕು.

ಲಕ್ಷದ್ವೀಪದ ಕನಸು ಕಾಣುವವರಿಗೆ ಒಂದು ಮಾತು: ಅಲ್ಲಿಗೆ ಹೋಗಲು ಹೊರಗಿನ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಕೆಲವು ದ್ವೀಪ ದೇಶಗಳು ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ಕೊಡುತ್ತವೆ. ಬಾರ್ಬಡೋಸ್ 2020ರಲ್ಲಿ ಹೀಗೆ ಒಂದು ವರ್ಷದ ವೀಸಾ ಆರಂಭಿಸಿತು. ಅದಕ್ಕೆ ವರ್ಷಕ್ಕೆ 50,000 ಡಾಲರ್ ಆದಾಯ ತೋರಿಸಬೇಕು. ಮೊಬೈಲಿನ ಆ ಚಿತ್ರ ಯಾರಿಗಾಗಿ ತೆಗೆದದ್ದು ಎಂದು ಇದರಿಂದ ಗೊತ್ತಾಗುತ್ತದೆ.

ಕೊನೆಯದಾಗಿ ಮೋಸ. "ಮನೆಯಲ್ಲೇ ಟೈಪಿಂಗ್, ದಿನಕ್ಕೆ ಸಾವಿರಾರು ರೂಪಾಯಿ, ಮೊದಲು ನೋಂದಣಿ ಶುಲ್ಕ ಕಳಿಸಿ" ಎಂಬ ಮೆಸೇಜ್ ಬಂದರೆ ನಂಬಬೇಡಿ. ಕೆಲಸ ಕೊಡುವವರು ನಮಗೆ ಹಣ ಕೊಡಬೇಕು, ನಾವು ಅವರಿಗೆ ಅಲ್ಲ. ಒಟಿಪಿ, ಬ್ಯಾಂಕ್ ಖಾತೆ ಯಾರಿಗೂ ಬಳಸಲು ಕೊಡಬೇಡಿ. ಮೋಸ ಹೋಗಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.

7. ಆಪಾ ಈಗ

ಕೆಲಸ ಹೋದ ಮೇಲೆ ಆಪಾ ಕೆಲವು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಈಗ ನಮ್ಮ ಕಡೆಯ ಎರಡು ಅಂಗಡಿಗಳ ಲೆಕ್ಕ ಬರೆಯುತ್ತಾರೆ, ಒಂದು ಹಾರ್ಡ್‌ವೇರ್, ಒಂದು ಬಟ್ಟೆ. ಬಿಲ್ಲುಗಳನ್ನು ನಾನು ಕಾಲೇಜಿನಿಂದ ಬರುವಾಗ ತರುತ್ತೇನೆ. ಟ್ಯಾಲಿಯಲ್ಲಿ ನಮೂದಿಸಲು ನೆಟ್ ಬೇಕಾಗಿಲ್ಲ. ರಾತ್ರಿ ಹನ್ನೊಂದರ ನಂತರ, ಗಲ್ಲಿಯೆಲ್ಲ ಮಲಗಿದ ಮೇಲೆ, ನೆಟ್ ಹಗುರವಾದಾಗ ಪೋರ್ಟಲ್‌ಗೆ ಹಾಕುತ್ತಾರೆ. ಕೊನೆಯ ದಿನಕ್ಕೆ ಉಳಿಸುವುದೇ ಇಲ್ಲ. ಹಣ ಮೊದಲಿನಷ್ಟು ಇಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಈ ಲೇಖನದ ಮೊದಲ ಪ್ರತಿಯನ್ನು ಆಪಾಗೆ ಓದಿ ಹೇಳಿದೆ. ಮೂರು ಗುಂಪಿನ ಭಾಗ ಬಂದಾಗ ಅವರು ಸುಮ್ಮನಾದರು. ಆಮೇಲೆ, "ಅಂದರೆ ತಪ್ಪು ನನ್ನದಲ್ಲ" ಎಂದರು. ಅದು ಪ್ರಶ್ನೆಯೋ ಉತ್ತರವೋ ನನಗೆ ಗೊತ್ತಾಗಲಿಲ್ಲ. ಮರುದಿನ ಅವರು ಇನ್ನೊಂದು ಊರಿನ ಕಚೇರಿಗೆ ಅರ್ಜಿ ಬರೆದರು. ಅದರಲ್ಲಿ ಒಂದು ಸಾಲು ಹೊಸದಾಗಿ ಸೇರಿಸಿದ್ದರು: "ಫೈಲ್ ಕಳಿಸಿದರೆ ಮೂರು ದಿನದಲ್ಲಿ ಮುಗಿಸಿ ಕಳಿಸುತ್ತೇನೆ, ದೂರದ ಪರದೆಯ ಕೆಲಸ ಒಪ್ಪುವುದಿಲ್ಲ." ಉತ್ತರ ಇನ್ನೂ ಬಂದಿಲ್ಲ.

ದಾದಿಯ ಕಾಲದಲ್ಲಿ ಉಪಗ್ರಹ ಊರಿಗೆ ಬಂತು, ಅವರು ಮನೆಯ ಹೊರಗೆ ಬರಲಾಗಲಿಲ್ಲ. ಆಪಾ ಕಾಲದಲ್ಲಿ ಕೆಲಸವೇ ಮನೆಯೊಳಗೆ ಬಂತು, ತಂತಿ ಸಾಲಲಿಲ್ಲ. ನಮ್ಮ ಕಾಲಕ್ಕೆ ತಂತಿಯೂ ಡಿಶ್ಶೂ ಬರಬಹುದು. ಆಗ ಉಳಿಯುವುದು ನಾವು ಎಷ್ಟು ಕಲಿತಿದ್ದೇವೆ ಎಂಬುದು. ಗೆಳತಿಯ ಪ್ರಶ್ನೆಗೆ ನನ್ನ ಉತ್ತರ: ಭೂತನಾಳದಲ್ಲಿ ಕುಳಿತು ಬೆಂಗಳೂರಿನ ಕೆಲಸ ಮಾಡಬಹುದು. ಎಲ್ಲ ಕೆಲಸ ಅಲ್ಲ. ಯಾವುದು ಎಂದು ಆರಿಸಿಕೊಳ್ಳುವುದು ಗೊತ್ತಿರಬೇಕು.

ಅಭ್ಯಾಸಕ್ಕೆ

1. ನಿಮ್ಮ ಮನೆಯಲ್ಲಿ ಬೆಳಿಗ್ಗೆ 6, ಸಂಜೆ 7, ರಾತ್ರಿ 11 ಗಂಟೆಗೆ ಒಂದು ವಾರ ನೆಟ್ ವೇಗ ಪರೀಕ್ಷಿಸಿ. ಇಳಿಯುವ ವೇಗ, ಏರುವ ವೇಗ ಮತ್ತು ವಿಳಂಬ, ಮೂರನ್ನೂ ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ. ಯಾವ ಗುಂಪಿನ ಕೆಲಸ ಸಾಧ್ಯ?
2. ಉಪಗ್ರಹ 1,200 ಕಿ.ಮೀ. ಎತ್ತರದಲ್ಲಿದ್ದರೆ ಹೋಗಿ ಬರುವ ನಾಲ್ಕು ಹಾದಿಗೆ ಎಷ್ಟು ಸೆಕೆಂಡ್? (ಉತ್ತರ: 0.016)
3. ಖರ್ಚಿನ ಪಟ್ಟಿಯಲ್ಲಿ ಉಪಗ್ರಹ ಸಂಪರ್ಕವನ್ನು ಇಬ್ಬರೇ ಹಂಚಿಕೊಂಡರೆ ಒಬ್ಬರಿಗೆ ಎಷ್ಟು ಉಳಿಯುತ್ತದೆ? (ಉತ್ತರ: ರೂ. 8,500)
4. ಲಾಭವಿಲ್ಲದ ಊರಿಗೆ ಸಂಪರ್ಕ ಕೊಡುವುದು ಯಾರ ಹೊಣೆ? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.